ಎಣ್ಣೆ ಬರೋಕ್ಮುಂಚೆ ಬರ್ದಿಟ್ಟ ಬಳಚಿನ ಲೆಕ್ಕ

ಮೈದುನ ಫೋನ್ ಮಾಡಿದ್ದು 2025ರ ಮೇ 25, ಭಾನುವಾರ ಮಧ್ಯಾಹ್ನ. ನಾನು ಆಗಷ್ಟೇ ಸಾರಿಗೆ ಒಗ್ಗರಣೆ ಹಾಕಿ ಫ್ಯಾನ್ ಕೆಳಗೆ ಬಂದು ಕೂತಿದ್ದೆ. "ಅತ್ಗೆ, ಕೊಚ್ಚಿ ಬದಿಗೆ ಹಡಗು ಮುಳುಗಿದ್ಯಂತೆ, ಎಣ್ಣೆ ಬಿಟ್ಟದಂತೆ, ನೀವು ಕೆಮಿಸ್ಟ್ರಿ ಅಲ್ವಾ, ನಮ್ಮ ಬದಿಗೆ ಬರ್ತದೋ ಇಲ್ವೋ ಹೇಳಿ" ಅಂದ. ಕೆಮಿಸ್ಟ್ರಿ ಪಾಠ ಮಾಡೋಳಿಗೆ ಸಮುದ್ರದ ಎಣ್ಣೆ ಎಲ್ಲಿಗೆ ಹೋಗತ್ತೆ ಅಂತ ಗೊತ್ತಿರತ್ತೆ ಅನ್ನೋದು ಅವನ ನಂಬಿಕೆ, ನಂಗೋ ಒಂದಕ್ಷರ ಗೊತ್ತಿರ್ಲಿಲ್ಲ, ಆದ್ರೂ "ನೋಡಿ ಹೇಳ್ತೀನಿ ಕಣೋ" ಅಂದು ಫೋನ್ ಇಟ್ಟೆ.

ಗಂಡನ ಊರು ಕುಮಟಾ ತಾಲೂಕು, ಅಘನಾಶಿನಿ ಹೊಳೆ ಸಮುದ್ರ ಸೇರೋ ಜಾಗಕ್ಕೆ ಹತ್ರ, ಎದುರು ದಡದಲ್ಲಿ ತದಡಿ ಬಂದರು ಕಾಣತ್ತೆ. ಮೈದುನಂದು ನಾಡದೋಣಿ. ಅತ್ತೆಗೆ ಅರವತ್ತೈದು ದಾಟಿದೆ, ಇವತ್ತಿಗೂ ಇಳಿತ ನೋಡ್ಕೊಂಡು ಸೊಂಟದ ಮಟ್ಟ ನೀರಲ್ಲಿ ನಿಂತು ಬಳಚು (ತಿನ್ನೋ ಚಿಪ್ಪಿ ಜೀವಿ) ತೆಗೀತಾರೆ. ನಾನು ಹುಟ್ಟಿ ಬೆಳೆದಿದ್ದು ಬಸವನಗುಡಿ, ಸಮುದ್ರ ಅಂದ್ರೆ ವರ್ಷಕ್ಕೆರಡು ಸಲ ರಜೆಗೆ ಹೋಗಿ ಕಾಲು ನೆನೆಸ್ಕೊಂಡು ಬರೋ ಜಾಗ ಅಷ್ಟೇ ಆಗಿತ್ತು.

ಸರಿ, ಸುದ್ದಿ ನೋಡಿದೆ. ಎಂಎಸ್‌ಸಿ ಎಲ್ಸಾ 3 ಅನ್ನೋ ಕಂಟೇನರ್ ಹಡಗು, ಕೊಚ್ಚಿಯಿಂದ 38 ನಾಟಿಕಲ್ ಮೈಲಿ ದೂರದಲ್ಲಿ ಹಿಂದಿನ ದಿನ ವಾಲಿ ಅವತ್ತು ಬೆಳಗ್ಗೆ ಮುಳುಗಿತ್ತು, 24 ಜನ ಸಿಬ್ಬಂದಿ ಪೂರ್ತಿ ಬಚಾವು. 640 ಕಂಟೇನರು, ಅದ್ರಲ್ಲಿ 12ರಲ್ಲಿ ಕ್ಯಾಲ್ಸಿಯಂ ಕಾರ್ಬೈಡು (ಮಾವಿನಕಾಯಿ ಹಣ್ಣು ಮಾಡೋಕೆ ಕದ್ದುಮುಚ್ಚಿ ಇಡ್ತಾರಲ್ಲ ಅದೇ, ನೀರು ತಾಗಿದ್ರೆ ಅಸಿಟಿಲೀನ್ ಗ್ಯಾಸ್). ಹಡಗಿನ ಹೊಟ್ಟೇಲಿ 367 ಟನ್ ಫರ್ನೇಸ್ ಆಯಿಲ್, 84 ಟನ್ ಡೀಸೆಲ್. ಇಷ್ಟು ಓದಿದ್ಮೇಲೂ ಮೈದುನನ ಪ್ರಶ್ನೆಗೆ ಉತ್ತರ ಸಿಗ್ಲಿಲ್ಲ ನೋಡಿ. ಎಷ್ಟು ಟನ್ ಇತ್ತು ಅಂತ ಎಲ್ರೂ ಬರೀತಾರೆ, ಯಾವ ಕಡೆ ಹೋಗತ್ತೆ ಅಂತ ದೋಣಿಯವನಿಗೆ ಅರ್ಥ ಆಗೋ ಹಂಗೆ ಯಾರೂ ಬರ್ಯಲ್ಲ.

ಕೊನೆಗೆ ಉತ್ತರ ಸಿಕ್ಕಿದ್ದು ಒಬ್ಬ ಹಳೇ ಕ್ಲಾಸ್‌ಮೇಟ್ ಹತ್ರ, ಅವಳು ಸಾಗರ ವಿಜ್ಞಾನದಲ್ಲಿ ಪಿಎಚ್‌ಡಿ ಮಾಡಿದೋಳು. ಒಂದೇ ಮಾತಲ್ಲಿ ಹೇಳಿದ್ಳು, ಮಳೆಗಾಲದಲ್ಲಿ ನಮ್ಮ ಪಶ್ಚಿಮ ದಂಡೆ ಪಕ್ಕದ ನೀರು ಬಡಗಿಂದ ತೆಂಕಿಗೆ ಹರಿಯತ್ತೆ, ಚಳಿಗಾಲದಲ್ಲಿ ಉಲ್ಟಾ, ಅದ್ರ ಮೇಲೆ ಗಾಳಿ ತನ್ನ ವೇಗದ ಸುಮಾರು ನೂರಕ್ಕೆ ಮೂರರಷ್ಟು ವೇಗದಲ್ಲಿ ಎಣ್ಣೆನ ತಳ್ಳತ್ತೆ, ಎರಡನ್ನೂ ಕೂಡಿಸಿದ್ರೆ ಎಣ್ಣೆಯ ದಾರಿ. ಹೈದರಾಬಾದಿನ ಇಂಕಾಯ್ಸ್ ಅನ್ನೋ ಕೇಂದ್ರ ಸರ್ಕಾರದ ಸಾಗರ ಮಾಹಿತಿ ಸಂಸ್ಥೆ ಇದನ್ನೇ ಕಂಪ್ಯೂಟರಲ್ಲಿ ಲೆಕ್ಕ ಹಾಕಿ ಕೋಸ್ಟ್ ಗಾರ್ಡಿಗೆ ಕೊಡತ್ತೆ. ಅಂದ್ರೆ ಈಗ ಮುಳುಗಿದ್ರಿಂದ ಕೊಲ್ಲಂ, ತಿರುವನಂತಪುರದ ಕಡೆಗೇ ಜಾಸ್ತಿ ಅಂತಾಯ್ತು, ಆಮೇಲೆ ಕಂಟೇನರುಗಳು, ಬಿಳಿ ಪ್ಲಾಸ್ಟಿಕ್ ಮಣಿಗಳು ಅಲ್ಲೇ ದಡಕ್ಕೆ ಬಂದು ಬಿದ್ವು.

ಫೋನ್ ಮಾಡಿ ಹೇಳಿದೆ. ಅವನು ಸಮಾಧಾನ ಪಟ್ಕೋತಾನೆ ಅನ್ಕೊಂಡ್ರೆ, "ಹಂಗಾರೆ ಇದೇ ಹಡಗು ಡಿಸೆಂಬರಲ್ಲಿ ಮುಳುಗಿದ್ರೆ ನಮಗೇ ಬರ್ತಿತ್ತಲ್ಲ ಅತ್ಗೆ, ಬಂದ್ರೆ ಎಂತ ಮಾಡುದು?" ಅಂತ ಕೇಳಿದ. ನಂಗೆ ಬಾಯಿ ಕಟ್ಟಿ ಹೋಯ್ತು. ಹಿಂದೆ ಅತ್ತೆ 2006ರ ಮೇ ಕೊನೇಲಿ ಕಾರವಾರದ ಓಯ್ಸ್ಟರ್ ರಾಕ್ ದ್ವೀಪದ ಹತ್ರ ಓಷನ್ ಸೆರಾಯಾ ಅನ್ನೋ ಹಡಗು ಬಂಡೆಗೆ ಸಿಕ್ಕಿ ಎಣ್ಣೆ ಬಿಟ್ಟ ಕಥೆ ಹೇಳಿದ್ರು, ಆ ಕಡೆ ಕೊಟ್ಟ ಸಂಬಂಧಿಕರು ಮರಳಲ್ಲಿ ಕಾಲಿಟ್ರೆ ಕಪ್ಪು ಹತ್ತಿ ಚಪ್ಪಲಿ ಬಿಸಾಕಿದ್ರಂತೆ. ಕಥೆ ಇದೆ, ಆಮೇಲೆ ಯಾರಿಗೆ ಏನು ಸಿಕ್ತು ಅಂದ್ರೆ ಮನೇಲಿ ಯಾರಿಗೂ ನೆನಪಿಲ್ಲ.

ಅಲ್ಲಿಂದ ಶುರುವಾಯ್ತು ನನ್ನ ಹುಚ್ಚು. ರಾತ್ರಿ ಪಾತ್ರೆ ತೊಳೆದಿಟ್ಟು ಓದ್ತಾ ಕೂರೋದು. ಬೇರೆ ದೇಶಗಳಲ್ಲಿ ಎಣ್ಣೆ ಚೆಲ್ಲಿದಾಗ ಯೂನಿವರ್ಸಿಟಿಗಳು ಏನು ಮಾಡಿದ್ವು ಅಂತ ಹುಡುಕಿದ್ರೆ ಮೊದಲು ಸಿಗೋದೇ ಅಲಾಸ್ಕಾ, 1989ರ ಮಾರ್ಚ್ 24, ಎಕ್ಸಾನ್ ವಾಲ್ಡೀಸ್ ಅನ್ನೋ ಎಣ್ಣೆ ಟ್ಯಾಂಕರ್ ಹಡಗು. ನಾನು ಅಂದ್ಕೊಂಡಿದ್ದು ಅಲ್ಲಿ ವಿಜ್ಞಾನಿಗಳು ಎಣ್ಣೆ ತಿನ್ನೋ ಬ್ಯಾಕ್ಟೀರಿಯಾ ಗೀಕ್ಟೀರಿಯಾ ತಂದು ಸುರಿದಿರ್ತಾರೆ ಅಂತ. ಮುಖ್ಯವಾಗಿ ಮಾಡಿದ್ದು ದಡದಲ್ಲಿ ಮೊದಲೇ ಇದ್ದ ಬ್ಯಾಕ್ಟೀರಿಯಾಗೆ ಗೊಬ್ಬರ ಹಾಕಿದ್ದು, ಆದ್ರೆ ನನ್ನ ನಿದ್ದೆ ಕೆಡಿಸಿದ್ದು ಬೇರೆ. ಸ್ಟೀವನ್ ಪಿಕು ಅಂತ ಒಬ್ಬ ಸಮಾಜಶಾಸ್ತ್ರದ ಪ್ರೊಫೆಸರು, ಸೌತ್ ಅಲಬಾಮಾ ಯೂನಿವರ್ಸಿಟಿಯವ್ರು, ಕಾರ್ಡೋವಾ ಅನ್ನೋ ಮೀನುಗಾರರ ಊರಿಗೆ ವರ್ಷಗಟ್ಟಲೆ ಹೋಗಿ ಜನರ ಮನಸ್ಸಿನ ಸ್ಥಿತಿ ದಾಖಲು ಮಾಡಿದ್ರು, ಕುಡಿತ, ಜಗಳ, ಖಿನ್ನತೆ ಎಲ್ಲಾ. ಊರಿನ ಜನಕ್ಕೇ ಒಬ್ರ ಮಾತು ಒಬ್ರು ಕೂತು ಕೇಳಿಸ್ಕೊಳ್ಳೋ ತರಬೇತಿ ಕೂಡ ಅಲ್ಲಿಂದ ಹುಟ್ಟಿದ್ದು. ಜನ ಅಷ್ಟು ಹಾಳಾಗಿದ್ದು ಎಣ್ಣೆಯಿಂದ ಮಾತ್ರ ಅಲ್ಲ, ಕೋರ್ಟಿಂದಾನೂ. 1994ರಲ್ಲಿ ಜ್ಯೂರಿ 500 ಕೋಟಿ ಡಾಲರ್ ದಂಡ ಹಾಕ್ತು, ಅದು ಎಳೆದೂ ಎಳೆದೂ 2008ರಲ್ಲಿ ಸುಪ್ರೀಂ ಕೋರ್ಟಲ್ಲಿ 50 ಕೋಟಿ ಚಿಲ್ಲರೆಗೆ ಇಳೀತು. ಹತ್ತೊಂಬತ್ತು ವರ್ಷ! ಅಷ್ಟೊತ್ತಿಗೆ ಅಲ್ಲಿಯ ಹೆರಿಂಗ್ ಮೀನು ಕುಸಿದು ಹೋಗಿ ವಾಪಸ್ ಸರಿಯಾಗಿ ಬಂದೇ ಇರ್ಲಿಲ್ಲ.

ಇಲ್ಲಿ ನೋಡಿದ್ರೆ ಎಲ್ಸಾ ಮುಳುಗಿದ್ಮೇಲೆ ಕೇರಳದಲ್ಲಿ ನಾಲ್ಕು ಜಿಲ್ಲೆಯ ಮೀನುಗಾರ ಕುಟುಂಬಗಳಿಗೆ ತಲಾ 1000 ರೂಪಾಯಿ, 6 ಕೆಜಿ ಅಕ್ಕಿ ಘೋಷಣೆ ಆಯ್ತು, ಆಮೇಲೆ ಸರ್ಕಾರ ಹೈಕೋರ್ಟಲ್ಲಿ ಕಂಪನಿ ಮೇಲೆ 9,531 ಕೋಟಿ ರೂಪಾಯಿಗೆ ದಾವೆ ಹಾಕ್ತು. ಒಂದು ಸಾವಿರಕ್ಕೂ ಒಂಬತ್ತು ಸಾವಿರ ಕೋಟಿಗೂ ಮಧ್ಯೆ ಅತ್ತೆಯಂಥವ್ರು ಎಲ್ಲಿ ನಿಲ್ತಾರೆ ಅಂತ ಯೋಚ್ನೆ ಮಾಡಿ. "ನಿಮಗೆ ಎಷ್ಟು ನಷ್ಟ ಆಯ್ತಮ್ಮ?" "ದಿನಾ ಬಳಚು ತೆಗೀತಿದ್ದೆ." "ಎಷ್ಟು? ದಾಖಲೆ?" ಮುಗೀತು ಕಥೆ. ಟ್ಯಾಂಕರಿಂದ ಚೆಲ್ಲಿದ ಎಣ್ಣೆಗೆ ಪರಿಹಾರ ಕೊಡೋ ಅಂತಾರಾಷ್ಟ್ರೀಯ ನಿಧಿ ಒಂದಿದೆ, ಭಾರತಾನೂ ಅದ್ರ ಸದಸ್ಯ ದೇಶ, ನಷ್ಟ ಆದ ಮೂರು ವರ್ಷದೊಳಗೆ ಕೇಳ್ಬೇಕು, ಹಿಂದಿನ ವರ್ಷಗಳ ದುಡಿಮೆ ಎಷ್ಟಿತ್ತು ಅಂತ ಏನಾದ್ರೂ ತೋರಿಸ್ಬೇಕು. ಎಲ್ಸಾ ತರದ ಕಂಟೇನರ್ ಹಡಗಿಗೆ ಆ ನಿಧಿ ಬರಲ್ಲ, ಅದಕ್ಕೆ ಬೇರೆ ಕಾನೂನು, ಆದ್ರೆ ಯಾವ ಕಾನೂನು ಹಿಡ್ಕೊಂಡು ಹೋದ್ರೂ ಮೊದಲ ಪ್ರಶ್ನೆ ಅದೇ, ಮುಂಚೆ ಎಷ್ಟಿತ್ತು ತೋರ್ಸಿ.

ಆ 'ಮುಂಚೆ'ನ ಈಗ್ಲೇ ಬರ್ದಿಡೋದು ಒಂದು ಕಾಲೇಜು ಮಾಡಬಹುದಾದ ಕೆಲಸ ಅಂತ ಹೊಳೆದಿದ್ದು ಆವಾಗ. ದೋಣಿ, ಬೂಮು (ಎಣ್ಣೆ ಹರಡದಂಗೆ ತಡೆಯೋ ತೇಲು ಬೇಲಿ), ಸ್ಕಿಮ್ಮರು (ನೀರ ಮೇಲಿನ ಎಣ್ಣೆ ತೆಗೆಯೋ ಯಂತ್ರ) ಎಲ್ಲಾ ಕೋಸ್ಟ್ ಗಾರ್ಡ್ ಹತ್ರ ಇರತ್ತೆ, ಅದು ಅವರ ಜವಾಬ್ದಾರಿ, ನಾವು ಹೋಗಿ ಅಡ್ಡ ನಿಲ್ಲೋದು ಬೇಡ. 2017ರಲ್ಲಿ ಚೆನ್ನೈ ಹತ್ರದ ಎಣ್ಣೂರಲ್ಲಿ ಎರಡು ಹಡಗು ಡಿಕ್ಕಿಯಾದಾಗ ಹುಡುಗರು ಬಕೆಟ್ಟಲ್ಲಿ ಎಣ್ಣೆ ಎತ್ತಿದ ಫೋಟೋ ನೋಡಿದ್ದೀರಲ್ಲ, ಒಳ್ಳೇ ಮನಸ್ಸೇ, ಆದ್ರೆ ಆ ವಾಸನೇಲಿ ಬೆಂಜೀನ್ ಅನ್ನೋ ವಿಷ ಇರತ್ತೆ ಅಂತ ಗೊತ್ತಿರೋ ಕೆಮಿಸ್ಟ್ರಿ ಟೀಚರ್‌ಗೆ ಹೊಟ್ಟೆ ಹಿಂಡತ್ತೆ.

ನಮ್ಮ ಡಿಪಾರ್ಟ್‌ಮೆಂಟಲ್ಲಿ ವಿಷಯ ಎತ್ತಿದೆ. "ಬೆಂಗಳೂರಲ್ಲಿ ಸಮುದ್ರ ಎಲ್ಲಿದೆ ಮೇಡಂ" ಅಂತ ಒಬ್ರು ನಕ್ರು. ನಾನು ಐಐಎಸ್‌ಸಿ ಉದಾಹರಣೆ ಕೊಟ್ಟೆ, ಅವ್ರಿಗೂ ಸಮುದ್ರ ಇಲ್ಲ, ಆದ್ರೂ ಕುಮಟಾದಲ್ಲಿ ಫೀಲ್ಡ್ ಸ್ಟೇಷನ್ ಇಟ್ಕೊಂಡು ಅಘನಾಶಿನಿ ಬಗ್ಗೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ, 2024ರಲ್ಲಿ ಆ ಅಳಿವೆ ಮಹತ್ವದ ಜೌಗು ಪ್ರದೇಶಗಳ ಅಂತಾರಾಷ್ಟ್ರೀಯ ರಾಮ್ಸಾರ್ ಪಟ್ಟಿಗೂ ಸೇರ್ತು. ಕೊನೆಗೆ ಎಂಎಸ್ಸಿ ಹುಡುಗರ ಪ್ರಾಜೆಕ್ಟ್ ಅಂತ ಮಾಡ್ಕೊಳ್ಳಿ, ದುಡ್ಡು ಮಾತ್ರ ಕೇಳ್ಬೇಡಿ ಅಂತ ಒಪ್ಪಿಗೆ ಸಿಕ್ತು. ಆರು ಜನ ಹುಡುಗ್ರು ಹುಡುಗೀರು ಸೇರ್ಕೊಂಡ್ರು. ಅದ್ರಲ್ಲಿ ಇಬ್ರು ಇಂಟರ್ನಲ್ ಮಾರ್ಕ್ಸಿಗೆ ಬಂದವ್ರು ಅಂತ ನಂಗೆ ಗೊತ್ತಿತ್ತು, ಇರ್ಲಿ.

ಜೂನ್, ಜುಲೈ ಪೂರ್ತಿ ಬೆಂಗಳೂರಲ್ಲೇ ತಯಾರಿ. ಮೊದಲು ಎಣ್ಣೆ ಸಮುದ್ರದಲ್ಲಿ ಏನಾಗತ್ತೆ ಅಂತ ಕಣ್ಣಾರೆ ನೋಡ್ಬೇಕಿತ್ತು. ಪೀಣ್ಯದಲ್ಲಿ ಬಾಯ್ಲರ್ ಇರೋ ಒಂದು ಫ್ಯಾಕ್ಟರಿಯಿಂದ ಒಬ್ಬ ಹುಡುಗ ಅರ್ಧ ಲೀಟರ್ ಫರ್ನೇಸ್ ಆಯಿಲ್ ತಂದ, ನಾನು ಮನೆಯಿಂದ ಹಳೇ ಮಿಕ್ಸಿ ಜಾರ್ ಒಯ್ದೆ, ಅಮ್ಮ ಕೊಟ್ಟಿದ್ದು, ಚಟ್ನಿ ಜಾರು. ಒಂದು ಪಾಲು ಎಣ್ಣೆ, ಮೂರು ಪಾಲು ಉಪ್ಪು ನೀರು ಹಾಕಿ ಗರ್ ಅನ್ಸಿದ್ವಿ. ಎಣ್ಣೆ ಬೇರೆ ನೀರು ಬೇರೆ ನಿಲ್ಲತ್ತೆ ಅಂತ ತಾನೇ ನಾವು ಹೈಸ್ಕೂಲಿಂದ ಪಾಠ ಮಾಡೋದು? ಮುಚ್ಚಳ ತೆಗೆದ್ರೆ ಒಳಗೆ ನೀರೇ ಇಲ್ಲ! ಕಂದು ಬಣ್ಣದ ಗಟ್ಟಿ ಮುದ್ದೆ, ರಾಗಿ ಅಂಬಲಿ ಆರಿದ್ಮೇಲೆ ಆಗತ್ತಲ್ಲ ಹಂಗೆ, ಚಮಚ ನಿಲ್ಲಿಸಿದ್ರೆ ನಿಲ್ತಿತ್ತು. ಅಲೆ ಇದನ್ನೇ ಮಾಡೋದು, ಎಣ್ಣೆ ತನ್ನ ಮೂರು ನಾಲ್ಕರಷ್ಟು ನೀರು ಕುಡಿದು ಉಬ್ಬತ್ತೆ, ಅದಕ್ಕೇ ನೂರು ಟನ್ ಸೋರಿದ್ರೆ ದಡದಿಂದ ಎತ್ತೋದು ನೂರು ಟನ್ ಅಲ್ಲ, ಅದ್ರ ಎಷ್ಟೋ ಪಟ್ಟು, ಮರಳು ಕಸ ಸೇರಿದ್ರೆ ಇನ್ನೂ ಜಾಸ್ತಿ. ಆ ಜಾರು ತೊಳೆಯೋಕಾಗ್ಲೇ ಇಲ್ಲ, ಡಬ್ಬಕ್ಕೆ ಹಾಕಿ ಅಪಾಯಕಾರಿ ತ್ಯಾಜ್ಯ ಅಂತ ಚೀಟಿ ಅಂಟಿಸಿ ಲ್ಯಾಬಲ್ಲೇ ಇಟ್ವಿ. ಅಮ್ಮಂಗೆ ಇನ್ನೂ ಹೇಳಿಲ್ಲ.

ಆಮೇಲೆ ಹೀರೋ ಸಾಮಾನು. 2020ರಲ್ಲಿ ಮಾರಿಷಸ್ಸಲ್ಲಿ ವಾಕಾಶಿಯೋ ಹಡಗು ಎಣ್ಣೆ ಬಿಟ್ಟಾಗ ಜನ ಕಬ್ಬಿನ ಸೋಗೆ ತುಂಬಿ ಉದ್ದುದ್ದ ಹಗ್ಗದ ದಿಂಬು ಮಾಡಿ ನೀರಲ್ಲಿ ತೇಲಿಸಿದ್ರು. ನಮ್ಮ ಹುಡುಗ್ರು ತೆಂಗಿನ ನಾರು, ಕಬ್ಬಿನ ಸಿಪ್ಪೆ (ಕಾಲೇಜ್ ಗೇಟ್ ಹತ್ರ ಜ್ಯೂಸ್ ಗಾಡಿಯವ್ರ ದಯೆ), ಬೂರುಗದ ಹತ್ತಿ ಮೂರನ್ನೂ ಪರೀಕ್ಷೆ ಮಾಡಿದ್ರು. ನಾರು ಎಣ್ಣೆ ಜೊತೆ ನೀರನ್ನೂ ಕುಡಿದು ಮುಳುಗ್ತು. ಬೂರುಗದ ಹತ್ತಿ ಮಾತ್ರ ನೀರು ಮುಟ್ಲೇ ಇಲ್ಲ, ಎಣ್ಣೆ ಕುಡಿದು ಹಾಯಾಗಿ ತೇಲ್ತಿತ್ತು. ಹಾಸಿಗೆ ಅಂಗಡಿಯವ್ರು "ದಿಂಬಿಗೆ ಎಷ್ಟು ಬೇಕಮ್ಮ" ಅಂದ್ರೆ ಹುಡುಗಿ "ಸಮುದ್ರಕ್ಕೆ ಅಂಕಲ್" ಅಂದ್ಳಂತೆ. ಖುಷಿಯಾಗಿದ್ವಿ, ಆದ್ರೆ ಆ ಎಣ್ಣೆ ಹತ್ತಿನ ಆಮೇಲೆ ಏನು ಮಾಡೋದು ಅಂತ ಒಬ್ಬ ಕೇಳ್ದ. ಸುಡಂಗಿಲ್ಲ, ಹೂಳಂಗಿಲ್ಲ. ಊರಲ್ಲಿ ಹಾಕೋಕೆ ಜಾಗ ಮೊದಲು ಗೊತ್ತು ಮಾಡ್ದೆ ಹತ್ತಿ ಹಂಚಿದ್ರೆ ಅದೂ ಒಂದು ಕಸ ಅಷ್ಟೇ. ಆ ಭಾಗ ಅಲ್ಲಿಗೇ ನಿಲ್ಸಿದ್ವಿ.

ಉಪಗ್ರಹದ ಚಿತ್ರ ನೋಡೋದನ್ನೂ ಕಲಿತ್ವಿ, ಯೂರೋಪಿನ ಸೆಂಟಿನೆಲ್-1ರ ರಾಡಾರ್ ಚಿತ್ರ ಪುಕ್ಕಟೆ ಸಿಗತ್ತೆ, ಎಣ್ಣೆ ಸಣ್ಣ ಅಲೆಗಳನ್ನ ಸಮ ಮಾಡೋದ್ರಿಂದ ಕಪ್ಪಾಗಿ ಕಾಣತ್ತೆ. ಹುಡುಗ್ರು ಮೊದಲ ದಿನಾನೇ "ಮೇಡಂ ಎಣ್ಣೆ ಸಿಕ್ತು" ಅಂತ ಕುಣಿದ್ರು, ಅದು ಗಾಳಿ ಇಲ್ಲದ ಸುಮ್ನೆ ಶಾಂತ ನೀರು. ಇನ್ನೊಂದಿನ ಮಳೆ. ಅಂತೂ ಕಪ್ಪಾಗಿ ಕಾಣೋದೆಲ್ಲ ಎಣ್ಣೆ ಅಲ್ಲ ಅಂತ ಕಲಿಯೋದ್ರಲ್ಲೇ ಜುಲೈ ಮುಗೀತು.

ನಂಗೆ ತುಂಬಾ ಇಷ್ಟ ಆಗಿದ್ದು ಮೂಗಿನ ಪರೀಕ್ಷೆ. 2010ರಲ್ಲಿ ಮೆಕ್ಸಿಕೋ ಕೊಲ್ಲಿಯ ಡೀಪ್‌ವಾಟರ್ ಹೊರೈಜನ್ ದುರಂತ ಆದಾಗ ಸಮುದ್ರದ ತಳದ ಬಾವಿಯಿಂದ 87 ದಿನ ಎಣ್ಣೆ ಹರೀತು, ಮೀನುಗಾರಿಕೆ ಬಂದ್ ಮಾಡಿದ ಜಾಗಗಳನ್ನ ಮತ್ತೆ ತೆಗೆಯೋ ಮುಂಚೆ ಅಲ್ಲಿ ಮೀನನ್ನ ಯಂತ್ರದಲ್ಲಿ ಪರೀಕ್ಷೆ ಮಾಡೋದಲ್ದೆ, ತರಬೇತಿ ಪಡೆದ ಜನ ಮೂಸಿ ನೋಡಿನೂ ಪಾಸ್ ಮಾಡ್ತಿದ್ರು. ನಾವೂ ಮಾಡಿದ್ವಿ. ಶಿವಾಜಿನಗರದ ರಸೆಲ್ ಮಾರ್ಕೆಟಿಂದ ಬಳಚು ತಂದು ಬೇಯಿಸಿ ಒಂದೇ ತರದ ಮೂರು ಬಾಟ್ಲಿಗೆ ಹಾಕೋದು, ಒಂದಕ್ಕೆ ಮಾತ್ರ ಸೂಜಿ ಮೊನೆಯಷ್ಟು ಡೀಸೆಲ್, ಮೂರರಲ್ಲಿ ಬೇರೆಯದು ಯಾವುದು ಹೇಳ್ಬೇಕು, ತಿನ್ನಂಗಿಲ್ಲ, ಮೂಸೋದಷ್ಟೇ. ನಾನು ಐದರಲ್ಲಿ ಮೂರು ತಪ್ಪು. ಐದಕ್ಕೆ ಐದು ಸರಿ ಹೇಳಿದ್ದು ಯಾರು ಗೊತ್ತಾ, ದಾವಣಗೆರೆಯ ಶುದ್ಧ ಸಸ್ಯಾಹಾರಿ ಹುಡುಗ, ಬಳಚಿನ ವಾಸನೆಗೇ ವಾಕರಿಸ್ತಿದ್ದೋನು! "ಮೇಡಂ ಮೂರೂ ಕೆಟ್ಟದಾಗಿದೆ, ಇದು ಬೇರೆ ತರ ಕೆಟ್ಟದಾಗಿದೆ" ಅಂತಿದ್ದ.

ದಸರಾ ರಜೆಗೆ ಊರಿಗೆ ಹೋದ್ವಿ, ಪಂಚಗಂಗಾ ಟ್ರೇನಲ್ಲಿ, ಆರು ಜನ ಹುಡುಗ್ರು ಪ್ಲಸ್ ನಾನು ಪ್ಲಸ್ ಎರಡು ಥರ್ಮಾಕೋಲ್ ಪೆಟ್ಟಿಗೆ. ಮತ್ತೆ ಆರು ಪುಟದ ಪ್ರಶ್ನಾವಳಿ. ಅದನ್ನ ನಾನೇ ಕೂತು ಮಾಡಿದ್ದೆ, ಕುಟುಂಬದ ಸದಸ್ಯರ ಸಂಖ್ಯೆ, ಮಾಸಿಕ ಆದಾಯ, ವಿದ್ಯಾಭ್ಯಾಸ, ಎಲ್ಲಾ ಇತ್ತು. ಮೊದಲ ಸಂಜೆ ಅತ್ತೆ ಮನೆ ಜಗುಲಿ ಮೇಲೆ ಹತ್ತು ಹನ್ನೆರಡು ಹೆಂಗಸ್ರು ಸೇರಿದ್ರು. ಎರಡನೇ ಪುಟಕ್ಕೇ ಒಬ್ಬರು ಎದ್ದು ಸೆರಗು ಕೊಡವಿದ್ರು. "ಅಕ್ಕೋರೆ, ಬರ್ತ್ರಿ, ಬರ್ಕಳ್ತ್ರಿ, ಹೋಗ್ತ್ರಿ. ಮೊನ್ನೆನೂ ಯಾರೋ ಬಂದಿದ್ರು, ಅದ್ಕೂ ಮುಂಚೆನೂ ಬಂದಿದ್ರು. ಬರ್ದದ್ದು ಎಲ್ಲದೆ? ಒಂದು ಕಾಗದ ನಮ್ಮ ಕೈಗೆ ಕೊಟ್ಟಿದ್ರೇ?" ಆ ಕಡೆ ಟೀಚರಿಗೆ ಅಕ್ಕೋರು ಅಂತಾರೆ, ಎಷ್ಟು ಮರ್ಯಾದೆಯಿಂದ ಬೈದ್ರು ನೋಡಿ. ಅತ್ತೆ ಏನೂ ಮಾತಾಡ್ದೆ ಅಡಿಕೆ ಕತ್ತರಿಸ್ತಾ ಕೂತಿದ್ರು, ಅದು ಇನ್ನೂ ಕಷ್ಟ ಆಯ್ತು ನಂಗೆ.

ಅಮೆರಿಕದಲ್ಲಿ ಸೀ ಗ್ರಾಂಟ್ ಅಂತ ಒಂದು ವ್ಯವಸ್ಥೆ ಇದೆ, 1966ರಿಂದ, ಯೂನಿವರ್ಸಿಟಿಗಳಲ್ಲೇ ಕೂತಿರತ್ತೆ, ಅದ್ರ ಜನ ದಕ್ಕೆಗೆ ಹೋಗಿ ಮೀನುಗಾರರ ಜೊತೆ ಮಾತಾಡಿ ಅವರ ಪ್ರಶ್ನೆನ ವಿಜ್ಞಾನಿ ಹತ್ರ, ವಿಜ್ಞಾನಿ ಉತ್ತರನ ಮೀನುಗಾರರ ಹತ್ರ ಒಯ್ಯೋರು. 2010ರ ದುರಂತದ್ಮೇಲೆ ಎಣ್ಣೆ ವಿಷಯಕ್ಕೇ ಅಂತ ಅಂಥ ಜನರನ್ನ ಇಟ್ಟಿದ್ರು. ಓದೋವಾಗ ಇದೇನು ದೊಡ್ಡ ವಿಷಯ, ಅಂಚೆಯಣ್ಣನ ಕೆಲಸ ಅಂದ್ಕೊಂಡಿದ್ದೆ. ಜಗುಲಿ ಮೇಲೆ ಕೂತು ಬೈಸ್ಕೊಂಡ ಮೇಲೆ ಅದು ಎಂಥಾ ಕೆಲಸ ಅಂತ ಅರ್ಥ ಆಯ್ತು.

ರಾತ್ರಿ ಪ್ರಶ್ನಾವಳಿ ಒಲೆಗೆ ಹಾಕಿದ್ವಿ, ನಿಜವಾಗ್ಲೂ, ಸ್ನಾನದ ಹಂಡೆ ಒಲೆಗೆ. ಬೆಳಗ್ಗೆ ಕುಮಟಾ ಪೇಟೆಯಿಂದ ನೂರು ಪುಟದ ನೋಟ್‌ಬುಕ್ ತಂದು ಪ್ರತಿ ಪುಟಕ್ಕೆ ಐದೇ ಗೆರೆ ಎಳೆದ್ವಿ. ತಾರೀಖು, ಎಷ್ಟು ಬುಟ್ಟಿ, ಯಾರಿಗೆ ಕೊಟ್ಟಿದ್ದು, ಎಷ್ಟು ದುಡ್ಡು, ತಗೊಂಡೋರ ಸಹಿ. ಬರೆಯೋಕೆ ಬರ್ದವ್ರು ಬುಟ್ಟಿಗೊಂದು ಗೀಟು ಹಾಕಿದ್ರೆ ಸಾಕು. ಪುಸ್ತಕ ಅವ್ರ ಹತ್ರಾನೇ ಇರತ್ತೆ, ನಾವು ಫೋಟೋ ತಗೊಂಡ್ ಹೋಗ್ತೀವಿ ಅಷ್ಟೇ. ಬೈದಿದ್ದ ಹೆಂಗಸೇ ಮೊದಲು ಕೈ ಚಾಚಿದ್ದು. "ಹಿಂಗೆ ಮೊದ್ಲೇ ಹೇಳುಕೆ ಎಂತ ಆಗಿತ್ತು" ಅಂದ್ರು.

ನಕ್ಷೆ ವಿಷಯದಲ್ಲಿ ಇನ್ನೊಂದು ಪಾಠ ಆಯ್ತು. ಎಣ್ಣೆ ಬಂದ್ರೆ ಯಾವ ದಡ ಮೊದಲು ಉಳಿಸ್ಬೇಕು ಅನ್ನೋಕೆ ಒಂದರಿಂದ ಹತ್ತರವರೆಗೆ ಅಂಕ ಕೊಡೋ ಪದ್ಧತಿ ಇದೆ, ಬರೀ ಬಂಡೆ ಇರೋ ದಡಕ್ಕೆ ಒಂದು, ಕಾಂಡ್ಲಾ (ಮ್ಯಾಂಗ್ರೋವ್) ಕಾಡಿಗೆ ಹತ್ತು, ಯಾಕಂದ್ರೆ ಬಂಡೆನ ಅಲೆ ತೊಳೆಯತ್ತೆ, ಕಾಂಡ್ಲಾ ಬೇರಿಗೆ ಹೊಕ್ಕ ಎಣ್ಣೆ ತೆಗೆಯೋಕೇ ಆಗಲ್ಲ. ನಾವು ಉಪಗ್ರಹ ಚಿತ್ರ ಹಾಕ್ಕೊಂಡು ಬಣ್ಣ ಬಳಿದು ಚೆಂದದ ನಕ್ಷೆ ಮಾಡಿ ಒಯ್ದಿದ್ವಿ. ಮೈದುನ ನೋಡ್ದ, ತಲೆ ಅಲ್ಲಾಡಿಸ್ದ. "ಜಂತ್ರಡಿ ಎಲ್ಲಿ?" ಜಂತ್ರಡಿ ಅಂದ್ರೆ ಗಜನಿ ಕಟ್ಟೆಯಲ್ಲಿ ನೀರು ಬಿಡೋ ಹಲಗೆ ಬಾಗಿಲು. ಉಪ್ಪು ನೀರಿನ ಗಜನಿ ಗದ್ದೇಲಿ ಮಳೆಗಾಲಕ್ಕೆ ಕಗ್ಗ ಭತ್ತ, ಆಮೇಲೆ ಸೀಗಡಿ, ಮೀನು. ಭರತದ ನೀರು ಒಳಗೆ ಹೋಗೋದೇ ಆ ಬಾಗಿಲಲ್ಲಿ, ಎಣ್ಣೆ ಬಂದ್ರೂ ಅಲ್ಲಿಂದ್ಲೇ. ಸುದ್ದಿ ಬಂದ ಕೂಡ್ಲೆ ಭರತ ಏರೋ ಮುಂಚೆ ಆ ಹಲಗೆ ಇಳಿಸಿಬಿಟ್ರೆ ಎಕರೆಗಟ್ಟಲೆ ಗದ್ದೆಗೆ ಎಣ್ಣೆ ನುಗ್ಗದಂಗೆ ತಡೀಬಹುದು, ಅದಕ್ಕೆ ಬೇಕಿರೋದು ಯಾವ ಬಾಗಿಲಿಗೆ ಯಾರು ಓಡ್ಬೇಕು ಅನ್ನೋ ಪಟ್ಟಿ. ಆಕಾಶದಿಂದ ತೆಗೆದ ನಮ್ಮ ಚಿತ್ರದಲ್ಲಿ ಅಷ್ಟು ಸಣ್ಣ ಬಾಗಿಲು ಕಾಣ್ಸೋದೇ ಇಲ್ಲ. ಎರಡು ದಿನ ದೋಣಿಯಲ್ಲಿ ಸುತ್ತಿ ಒಂದೊಂದೇ ಗುರುತು ಹಾಕಿದ್ವಿ, ಪಕ್ಕದಲ್ಲಿ ಹಲಗೆ ಇಳಿಸೋರ ಮನೆ ಹೆಸರು.

ಕೊನೇ ಕೆಲಸ ಸ್ಯಾಂಪಲ್ಲು. ಬಳಚು ನೀರು ಸೋಸಿ ಬದುಕೋ ಜೀವ, ಎಣ್ಣೆಯ ವಿಷ ಅದ್ರ ಮೈಯಲ್ಲಿ ಉಳ್ಕೊಳತ್ತೆ, ಮೀನಿನಷ್ಟು ಬೇಗ ಕರಗಿಸ್ಕೊಳ್ಳಲ್ಲ, ಅದಕ್ಕೇ ಅಮೆರಿಕದವ್ರು 1986ರಿಂದ ಚಿಪ್ಪಿ ಜೀವಿಗಳನ್ನೇ ಇಟ್ಕೊಂಡು ಕರಾವಳಿ ಆರೋಗ್ಯ ನೋಡ್ತಾರೆ. ಪ್ಲಾಸ್ಟಿಕ್ ಕವರ್ ಮುಟ್ಟಂಗಿಲ್ಲ, ದೋಣಿ ಇಂಜಿನ್ ಆಫ್ ಮಾಡಿ ಹುಟ್ಟು ಹಾಕ್ಬೇಕು, ಸನ್‌ಸ್ಕ್ರೀನ್ ಹಚ್ಕೊಂಡ ಕೈ ದೂರ. ಅಲ್ಯೂಮಿನಿಯಂ ಫಾಯಿಲ್ಲನ್ನ ಹೆಕ್ಸೇನಲ್ಲಿ (ಜಿಡ್ಡು ತೆಗೆಯೋ ದ್ರಾವಕ) ಒರೆಸಿ, ಹೊಳೆಯೋ ಕಡೆ ಹೊರಗೆ, ಮಂಕು ಕಡೆ ಒಳಗೆ ಇಟ್ಟು ಬಳಚನ್ನ ಸುತ್ತಿ, ಜಾಗ, ಹೊತ್ತು, ತೆಗೆದೋರ ಹೆಸರು ಬರ್ದು ಐಸ್ ಪೆಟ್ಟಿಗೆಗೆ. ಅತ್ತೆ ನೋಡಿ ನೋಡಿ "ಬಳಚಿಗೆ ಮದುವೆ ಸೀರೆ ಉಡ್ಸಿದಂಗೆ ಮಾಡ್ತ್ರಲ್ಲೆ" ಅಂದ್ರು. ಐಸು ತದಡಿ ಐಸ್ ಪ್ಲಾಂಟಿಂದ. ವಾಪಸ್ ಟ್ರೇನಲ್ಲಿ ಪೆಟ್ಟಿಗೆ ಕರಗಿ ಸೀಟ್ ಕೆಳಗೆ ನೀರು ಹರಿದು ಪಕ್ಕದ ಫ್ಯಾಮಿಲಿಯವ್ರ ಬ್ಯಾಗ್ ಒದ್ದೆ ಆಯ್ತು, ರಾತ್ರಿ ಹನ್ನೊಂದಕ್ಕೆ ಬೈಗುಳ.

ಅದಕ್ಕಿಂತ ದೊಡ್ಡ ಪೆಟ್ಟು ಬೆಂಗಳೂರಲ್ಲಿ ಕಾದಿತ್ತು. ನಮ್ಮಲ್ಲಿ ಎಣ್ಣೆ ಅಂಶ ಅಳೆಯೋ ಜಿಸಿ-ಎಂಎಸ್ ಯಂತ್ರ ಇಲ್ಲ, ಒಂದು ಪ್ರೈವೇಟ್ ಲ್ಯಾಬಿಗೆ ದುಡ್ಡು ಕಟ್ಟಿ ಶುಕ್ರವಾರ ಸಂಜೆ ಕೊಟ್ವಿ, ನನ್ನ ಸಂಬಳದ ದುಡ್ಡೇ. ಡೀಪ್ ಫ್ರೀಜರಿಗೆ ಹಾಕಿ ಅಂತ ಮೂರು ಸಲ ಹೇಳಿದ್ದೆ. ಸೋಮವಾರ ಫೋನ್, "ಮೇಡಂ ರಿಸೆಪ್ಷನಲ್ಲೇ ಉಳಿದುಬಿಟ್ಟಿದೆ, ವಾಸನೆ ಬರ್ತಿದೆ, ತಗೊಂಡ್ ಹೋಗ್ತೀರಾ?" ಎರಡು ದಿನದ ದೋಣಿ, ಹುಟ್ಟು, ಹೆಕ್ಸೇನು, ಎಲ್ಲಾ ಕೊಳೆತ ನೀರು. ಲ್ಯಾಬ್ ಬಾತ್‌ರೂಮಲ್ಲಿ ಹೋಗಿ ಅತ್ಬಿಟ್ಟೆ, ಸುಳ್ಳು ಹೇಳಲ್ಲ. ದುಡ್ಡು ಅರ್ಧ ವಾಪಸ್ ಕೊಟ್ರು, ಅದೂ ನಾಲ್ಕು ಸಲ ಅಲೆಸಿ.

ಡಿಸೆಂಬರಲ್ಲಿ ಮತ್ತೆ ಮಾಡಿದ್ವಿ. ಈ ಸಲ ನಾನು ಹೋಗ್ಲಿಲ್ಲ, ಪರೀಕ್ಷೆ ಡ್ಯೂಟಿ. ಮೈದುನ, ಬೈದಿದ್ದ ಆ ಹೆಂಗಸು, ಅವರ ಮಗಳು ಮೂರೇ ಜನ ವಿಡಿಯೋ ಕಾಲಲ್ಲಿ ನಮ್ಮ ದಾವಣಗೆರೆ ಹುಡುಗನ ಮಾತು ಕೇಳ್ಕೊಂಡು ಸುತ್ತಿ ಕಳಿಸಿದ್ರು, ನಮ್ಮ ಹುಡುಗ್ರು ಸುತ್ತಿದ್ದಕ್ಕಿಂತ ನೀಟಾಗಿತ್ತು. ಈ ಸಲ ಬೇರೊಂದು ಕಾಲೇಜಿನ ಪರಿಚಯದವ್ರ ಯಂತ್ರ. ವರದಿ ಬಂತು, ಎಣ್ಣೆ ಅಂಶ ಚೂರು ಚೂರು ಇದೆ, ದೋಣಿ ಇಂಜಿನ್ನುಗಳಿಂದ ಬರೋವಷ್ಟು, ಗಾಬರಿ ಪಡೋದೇನಿಲ್ಲ. ನಾಳೆ ಏನಾದ್ರೂ ಆದ್ರೆ ಹೋಲಿಸಿ ನೋಡೋಕೆ ಮೊದಲ ಅಂಕಿ ಇದು. ಕನ್ನಡದಲ್ಲಿ ಎರಡೇ ಪುಟ ಬರ್ದೆ, ಹಿಂದುಗಡೆ ಜಂತ್ರಡಿ ನಕ್ಷೆ, ಕೆಳಗೆ ಕೋಸ್ಟ್ ಗಾರ್ಡಿನ 1554 ನಂಬರ್, ಕೈಯಲ್ಲಿ ಎಣ್ಣೆ ಮುಟ್ಬೇಡಿ, ಮಕ್ಕಳನ್ನ ಇಳಿಸ್ಬೇಡಿ, ಫೋಟೋ ತೆಗೆದು ಹೊತ್ತು ಬರ್ಕೊಳಿ. ಜೆರಾಕ್ಸ್ ಮಾಡ್ಸಿ ಅಂಚೇಲಿ ಕಳಿಸ್ದೆ.

ಅದು ತಲುಪಿದ ದಿನ ಫೋನ್ ಬರತ್ತೆ ಅಂತ ಕಾದೆ, ಬರ್ಲಿಲ್ಲ. ವಾರ ಬಿಟ್ಟು ಅತ್ತೆನೇ ಮಾಡಿದ್ರು, ವರದಿ ಬಗ್ಗೆ ಒಂದು ಮಾತಿಲ್ಲ. "ಏ, ಪುಸ್ತಕ ಮುಗೀಲಿಕ್ಕೆ ಬಂತು. ಮೊಮ್ಮಗ ಎರಡು ಹಾಳೆಗೆ ದೋಣಿ ಚಿತ್ರ ಬರ್ದು ಹಾಳು ಮಾಡಿದ. ಇನ್ನೊಂದು ಕಳ್ಸು. ಗೆರೆ ಸ್ವಲ್ಪ ಅಗಲ ಇರ್ಲಿ, ನಂಗೆ ಕಣ್ಣು ಕಾಣುದಿಲ್ಲ. ಮತ್ತೆ ಆ ಬಳಚು ತಕಂಡು ಹೋಗುವಂವ ಸಹಿ ಹಾಕುಕೆ ಕಳ್ಳಾಟ ಮಾಡ್ತ, ತೂಕದಲ್ಲಿ ಹೊಡೀತಿದ್ದದ್ದು ಬರ್ದಿಟ್ರೆ ಸಿಕ್ಕಿ ಬೀಳ್ತದಲ್ಲ, ಅದ್ಕೆ. ಅವಂಗೆ ಒಂದು ಮನೆ ಬೇರೆ ಮಾಡು, ತೂಕ ಅಂತ."

ಆರನೇ ಗೆರೆ ಎಳೀತಾ ಇದ್ದೀನಿ ಈಗ, ಸ್ಕೇಲು ಪೆನ್ಸಿಲ್ ಹಿಡ್ಕೊಂಡು, ಹತ್ತು ಪುಸ್ತಕಕ್ಕೆ.